ಯಾರ ಗತೆ ಹಾಡ್ತಾಳ?

ನಮ್ಮ ಕಡೆ ಯಾರಾದರೂ ಹೊಸದಾಗಿ ಹಾಡಿದರೆ ಕೇಳಿದವರ ಬಾಯಿಂದ ಮೊದಲು ಬರುವ ಮಾತು ಒಂದೇ: "ಥೇಟ್ ಜಾನಕಿ ಗತೆ ಹಾಡ್ತಾಳ ನೋಡ್ರಿ!" ಹಾಗೆ ಅನ್ನಿಸಿಕೊಂಡವಳಿಗೆ ಸಂತೋಷ, ಹೆತ್ತವರಿಗೆ ಇನ್ನೂ ಸಂತೋಷ. ಯಾರ ಗತೆಯೂ ಇಲ್ಲದ ದನಿ ಬಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ಎಷ್ಟೋ ವರ್ಷ ಗ್ಯಾದರಿಂಗ್ ಮಾಡಿಸಿದ ನನಗೆ ಈ ಮಾತಿನ ಬಗ್ಗೆ ಒಂದು ಸಂಶಯವಿದೆ. ಇದು ಹೊಗಳಿಕೆಯೋ, ಅಥವಾ ಹೊಸ ದನಿಯನ್ನು ಕೇಳಲು ಒಲ್ಲೆ ಎನ್ನುವ ರೀತಿಯೋ?

ತಾವೇ ಹಾಡು ಕಟ್ಟಿ ತಾವೇ ಹಾಡುವ ಮೈಸೂರಿನ ರಘು ದೀಕ್ಷಿತ್ ಮೊದಲ ಆಲ್ಬಮ್ ತಂದದ್ದು 2008ರಲ್ಲಿ. ಅದಕ್ಕೆ ಮೊದಲು ಹಲವು ವರ್ಷ ಕಂಪನಿಗಳು ಅವರನ್ನು ಒಪ್ಪಿರಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ಅದನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಇತ್ತು, ಗಿಟಾರಿನ ಜೊತೆಗೆ. ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ಕೇಳಿದವರು, "ಶರೀಫಜ್ಜನ ಪದಕ್ಕ ಗಿಟಾರ ಯಾಕ್ರಿ? ಅಶ್ವತ್ಥ್ ಹಾಡಿದ್ದ ಹಾಡು" ಎಂದರು. 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ ರಘು ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಆಗ ಅವರಲ್ಲೇ ಒಬ್ಬರು, "ನನಗ ಮೊದಲ ಅನಿಸಿತ್ತರಿ" ಎಂದು ಚಹಾ ಕುಡಿದರು.

ಆದರೆ ಅಶ್ವತ್ಥರ ದನಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ? 1889ರಲ್ಲಿ ತೀರಿಕೊಂಡ ಶರೀಫರ ಪದಗಳು ನಮ್ಮ ಹಳ್ಳಿಗಳ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಮೇಲೆ ಬದುಕಿದ್ದವು. ಅಶ್ವತ್ಥ್ ಅವನ್ನು ಕ್ಯಾಸೆಟ್ಟಿಗೆ, ಆಮೇಲೆ 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ತಂದರು. ಅಂದಿನ ಹೊಸದು ಇಂದು ನಮ್ಮ ಕೈಯಲ್ಲಿ ಅಳತೆಗೋಲಾಗಿದೆ. ಅದು ಹೇಗೆ ಹುಟ್ಟಿತೆಂಬುದನ್ನು ಮರೆತು, ಅದರಿಂದಲೇ ಮುಂದಿನವರನ್ನು ಅಳೆಯುತ್ತೇವೆ.

ಗೋಕಾಕ ರೋಡಿನಿಂದ ಬೆಳಗಾವಿಗೆ ರೈಲಿನಲ್ಲಿ ಹೋಗುವಾಗ ಸುಳೇಭಾವಿ ಸಿಗುತ್ತದೆ. 1924ರಲ್ಲಿ ಅಲ್ಲಿ ಹುಟ್ಟಿದ ಶಿವಪುತ್ರನೇ ಮುಂದೆ ಕುಮಾರ ಗಂಧರ್ವ. ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಹುಡುಗನನ್ನು ಕಂಡು ಜನ ಬೆರಗಾದರು. ಆಮೇಲೆ ಕ್ಷಯರೋಗ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ಅವರು ವರ್ಷಗಟ್ಟಲೆ ಹಾಡದೆ ಮಲಗಿದರು. ಮಲಗಿದ್ದಲ್ಲೇ ಮಾಳವದ ಜನರು, ಅದರಲ್ಲೂ ಹೆಣ್ಣುಮಕ್ಕಳು, ಹಾಡುತ್ತಿದ್ದ ಪದಗಳಿಗೆ ಕಿವಿಗೊಟ್ಟರು. 1950ರ ದಶಕದಲ್ಲಿ ಮತ್ತೆ ಹಾಡತೊಡಗಿದಾಗ ಆ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಆಗ ಸಂಪ್ರದಾಯದವರು ಹುಬ್ಬು ಗಂಟಿಕ್ಕಿ, ಇದು ಯಾವ ಘರಾಣೆ ಎಂದು ಕೇಳಿದರು. ನೋಡಿ ಹೇಗಿದೆ! ಬೇರೆಯವರ ಗತೆ ಹಾಡಿದಾಗ ಹೂಮಾಲೆ, ತನ್ನ ಗತೆ ಹಾಡಿದಾಗ ಪ್ರಶ್ನೆ.

ಕುಮಾರರು ಗಟ್ಟಿಗರು, ತಡೆದುಕೊಂಡರು. ಎಲ್ಲರಿಗೂ ಅದು ಆಗುವುದಿಲ್ಲ. ಇಂಗ್ಲೆಂಡಿನ ವಾಷ್ಟಿ ಬನ್ಯನ್ ಎಂಬ ಹುಡುಗಿಯನ್ನು 1965ರಲ್ಲಿ ಮುಂದೆ ತಂದದ್ದು ಇನ್ನೊಬ್ಬ ಹೆಸರಾಂತ ಗಾಯಕಿಯ ಜಾಗ ತುಂಬಲೆಂದು. ಅವಳಿಗೆ ಬೇಕಿದ್ದುದು ತನ್ನ ಹಾಡು. 1970ರಲ್ಲಿ ತಾನೇ ಬರೆದ ಹಾಡುಗಳ ಮೊದಲ ಆಲ್ಬಮ್ ಬಂತು, ಆದರೆ ಕೊಂಡವರು ತೀರ ಕಡಿಮೆ. ಅವಳು ಹಾಡುವುದನ್ನೇ ಬಿಟ್ಟು ಮೂರು ಮಕ್ಕಳನ್ನು ಬೆಳೆಸಿದಳು. 2000ದಲ್ಲಿ ಆ ಆಲ್ಬಮ್ ಮರುಬಿಡುಗಡೆಯಾದಾಗ ಹೊಸ ತಲೆಮಾರು ಅದನ್ನು ಎದೆಗೆ ಅಪ್ಪಿಕೊಂಡಿತು. ಎರಡನೆಯ ಆಲ್ಬಮ್ ಬಂದದ್ದು 2005ರಲ್ಲಿ. ನಡುವಿನ ಮೂವತ್ತೈದು ವರ್ಷಗಳ ಹಾಡುಗಳು ಎಲ್ಲಿ ಹೋದವು? ಅವಕ್ಕೆ ಯಾರು ಲೆಕ್ಕ ಕೊಡುತ್ತಾರೆ?

ಅಷ್ಟು ದೂರ ಹೋಗುವುದೇಕೆ? ಹೊಸ ಸೊಸೆ ಮೊದಲ ದಿನ ಎಣ್ಣಿಗಾಯಿ ಮಾಡಿ ಬಡಿಸುತ್ತಾಳೆ. "ಚಲೋ ಆಗೇತಿ, ಆದ್ರ ನಮ್ಮವ್ವನ ಕೈರುಚಿ ಬರಲಿಲ್ಲ" ಎಂದು ಗಂಡ ಕೈ ತೊಳೆಯುತ್ತಾನೆ. ಎಲೆಯ ಮೇಲಿದ್ದುದನ್ನು ಅವನು ಉಂಡನೇ, ನೆನಪನ್ನು ಉಂಡನೇ? ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರಿಗೆ ಆ ಮಾತಿನ ಚುರುಕು ಗೊತ್ತು.

ಹಾಗಾದರೆ ಹೊಸದೆಲ್ಲವನ್ನೂ ಹೊಗಳಬೇಕೇ? ಖಂಡಿತ ಬೇಡ. ಶ್ರುತಿ ತಪ್ಪಿದರೆ ತಪ್ಪಿತೆಂದೇ ಹೇಳಬೇಕು. ಒತ್ತಕ್ಷರ ನುಂಗಿದರೆ ತಿದ್ದಬೇಕು. ಸುಳ್ಳು ಹೊಗಳಿಕೆಯೂ ಒಂದು ತರಹದ ಅಸಡ್ಡೆಯೇ. ಅನುಕರಣೆಯೂ ಕೆಟ್ಟದ್ದಲ್ಲ, ಕುಮಾರ ಗಂಧರ್ವರೂ ಆ ಮೆಟ್ಟಿಲು ಹತ್ತಿಯೇ ಮೇಲೆ ಹೋದವರು. ಆದರೆ ತಪ್ಪು ತಿದ್ದುವುದು ಬೇರೆ, ಹೋಲಿಕೆ ಬೇಡುವುದು ಬೇರೆ. ತಿದ್ದುವವರು ಹಾಡನ್ನು ಪೂರ್ತಿ ಕೇಳಿರುತ್ತಾರೆ. ಹೋಲಿಸುವವರಿಗೆ ಎರಡು ಸಾಲು ಸಾಕು.

ಹುಕ್ಕೇರಿಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಕಬ್ಬು ಕಡಿಯಲು ಹೋಗುವ ತನ್ನ ತಾಯಿಯ ಮೇಲೆ ಹಾಡು ಕಟ್ಟಿ ತಂದಿದ್ದಳು. ಹಾಡಿ ಮುಗಿಸಿ, "ಅಕ್ಕೋರ, ಇದು ನನ್ನ ಗತೆ ಐತೇನ್ರಿ?" ಎಂದು ಕೇಳಿದಳು. ಬಿ.ಎಡ್.ನಲ್ಲಿ ಓದಿದ ಯಾವ ಪುಸ್ತಕದಲ್ಲೂ ಇಂಥ ಪ್ರಶ್ನೆ ಇರಲಿಲ್ಲ. "ಇನ್ನೊಮ್ಮೆ ಹಾಡು, ಕೇಳ್ತೀನಿ" ಎಂದೆ. ಎರಡನೆಯ ಸಲ ಹಾಡುವಾಗ, ಎಲ್ಲಿ ಸಿನಿಮಾ ಹಾಡಿನ ಧಾಟಿ ನುಸುಳಿದೆ ಎಂಬುದು ಅವಳಿಗೇ ತಿಳಿಯಿತು. ನಾನು ಹೇಳಬೇಕಾಗಲಿಲ್ಲ.

ಹೊಸಬರಿಗೆ ನಾವು ಕೊಡಬೇಕಾದದ್ದು ಚಪ್ಪಾಳೆಯಲ್ಲ, ಒಂದು ಪೂರ್ತಿ ಕೇಳುವಿಕೆ. ಇವಳು ಏನು ಹೇಳಹೊರಟಿದ್ದಾಳೆ, ಹೇಳಿದ್ದಾಳೆಯೇ, ಎಲ್ಲಿ ಎಡವಿದ್ದಾಳೆ ಎಂದು ಕೇಳಿಕೊಳ್ಳುವಷ್ಟು ತಾಳ್ಮೆ. ಇದು ನಮ್ಮ ಸೀಮೆಗೆ ಹೊಸದೇನಲ್ಲ. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಮೂಡಲಗಿ ಕಡೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ. ಮುಂದೆ ಕೌಜಲಗಿ ನಿಂಗಮ್ಮ ಎಂಬ ಹೆಣ್ಣುಮಗಳು ಅದರಲ್ಲಿ ಹೆಸರಾದಳು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ನಮ್ಮ ಹಿರಿಯರು ಈ ಭಾಮೆ ಹೇಗೆ ಹಾಡುತ್ತಾಳೋ ಕೇಳೋಣವೆಂದು ಕಂಬಳಿ ಹೊದ್ದು ಬೆಳತನಕ ಕೂಡುತ್ತಿದ್ದರು.