ಕೊಂಡ ದಿನ, ಮಾರಿದ ದಿನ

ಸಂಗ್ರಹದ ಕಾರ್ಡುಗಳನ್ನು ಕೊಂಡು ಮಾರುವವರಿಗೆಂದೇ ಈಗ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್‌ಗಳಿವೆ. ಕ್ರಿಕೆಟ್ ಆಟಗಾರನ ಕಾರ್ಡಾಗಲಿ, ಪೋಕೆಮಾನ್ ಆಗಲಿ, ಅದರ ಹೆಸರು, ಸ್ಥಿತಿ, ಕೊಂಡ ದಿನ, ಕೊಟ್ಟ ರೊಕ್ಕ ತುಂಬಬೇಕು. ಮಾರಿದ ದಿನ, ಬಂದ ರೊಕ್ಕ, ಅಂಚೆ ವೆಚ್ಚ, ದಲಾಲಿ ಬರೆದರೆ ಲಾಭವೋ ಹಾನಿಯೋ ಪರದೆಯ ಮೇಲೆ ಮೂಡುತ್ತದೆ. ಕೆಲಸ ಇಷ್ಟೇ. ಆದರೆ ಆ ಎರಡು ತಾರೀಖುಗಳ ನಡುವೆ ಆ ವಸ್ತು ನಮಗೆ ಏನಾಗಿತ್ತು?

ಲೆಕ್ಕ ಬರೆಯುವುದು ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಪೇಟೆಗೆ ಹೊಸ ವಿದ್ಯೆಯಲ್ಲ. ಹತ್ತಿ ವ್ಯಾಪಾರಕ್ಕೆ ಹೆಸರಾದ ಊರದು. ಅಡತಿ ಅಂಗಡಿಯ ದಿನದ ವ್ಯವಹಾರ ಮೊದಲು ಕಿರ್ದಿಗೆ, ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ ಇಳಿಯುತ್ತದೆ. ದೀಪಾವಳಿಯಲ್ಲಿ ಆ ಪುಸ್ತಕಗಳಿಗೂ ಪೂಜೆ ಸಲ್ಲುತ್ತದೆ. ಆದರೂ ಹತ್ತಿಯ ಲೆಕ್ಕ ಬೇರೆ, ಕಾರ್ಡಿನ ಲೆಕ್ಕ ಬೇರೆ. ಒಂದೇ ದರ್ಜೆಯ ಹತ್ತಿ ಒಟ್ಟುಗೂಡಿದ ಮೇಲೆ ಇದು ಯಾರ ಹೊಲದ್ದೆಂದು ಕೇಳುವವರಿಲ್ಲ. ಸರಾಸರಿ ದರ ಹಿಡಿದರೆ ಸಾಕು. ಕಾರ್ಡಿಗೆ ಸರಾಸರಿ ಇಲ್ಲ. ಒಂದೇ ಅಚ್ಚಿನಿಂದ ಬಂದ ಎರಡರಲ್ಲಿ ಒಂದರ ಮೂಲೆ ತುಸು ಸವೆದಿದ್ದರೂ ಅದಕ್ಕೆ ಬೇರೆ ಸಾಲು, ಬೇರೆ ಬೆಲೆ. ಪ್ರತಿಯೊಂದೂ ತನ್ನ ಚರಿತ್ರೆಯನ್ನು ತಾನೇ ಹೊತ್ತಿರುತ್ತದೆ.

ಹೀಗೆ ಬಿಡಿಬಿಡಿಯಾಗಿ ಬರೆಯುತ್ತ ಹೋದಾಗ ಮೊದಲು ಬಯಲಾಗುವುದು ನಮ್ಮ ಮನಸ್ಸೇ. ನೂರಕ್ಕೆ ಕೊಂಡು ಐನೂರಕ್ಕೆ ಮಾರಿದ್ದನ್ನು ಹತ್ತು ಜನರಿಗೆ ಹೇಳುತ್ತೇವೆ; ಐನೂರಕ್ಕೆ ಕೊಂಡು ನೂರಕ್ಕೆ ಬಿಟ್ಟದ್ದು ನಮಗೇ ಮರೆತುಹೋಗುತ್ತದೆ. ಬರಹಕ್ಕೆ ಆ ದಾಕ್ಷಿಣ್ಯವಿಲ್ಲ. ಲೆಕ್ಕ ಇರುವುದು ಪರರ ಮೋಸ ಹಿಡಿಯಲು ಎಂದುಕೊಳ್ಳುತ್ತೇವೆ. ಅದು ಹೆಚ್ಚಾಗಿ ಹಿಡಿಯುವುದು, ನಮಗೆ ನಾವೇ ಹೇಳಿಕೊಂಡ ಸುಳ್ಳನ್ನು.

ಆದರೆ ಲೆಕ್ಕಕ್ಕೂ ಕಾಣದ ಜಾಗವಿದೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಒಂದು ಕಾರ್ಡು 1991ರಲ್ಲಿ 50,000 ಡಾಲರಿಗೆ ಕೈಬದಲಾಗಿ, 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ದಾಸ್ತಾನು ಪುಸ್ತಕದಲ್ಲಿ ಇದಕ್ಕೆ ಎರಡೇ ನಮೂದು. ನಡುವಿನ 31 ವರ್ಷಗಳಲ್ಲಿ ಅದನ್ನು ತೆಗೆದು ನೋಡಿದ್ದು, ಮಾರೋಣವೇ ಬೇಡವೇ ಎಂದು ತೂಗಿದ್ದು ಯಾವ ಕಾಲಮಿಗೂ ಬರುವುದಿಲ್ಲ. ರಾಮದುರ್ಗದ ಕಡೆಯ ನೇಕಾರರ ಮನೆಯಲ್ಲೂ ಅಷ್ಟೇ: ತಂದ ನೂಲು, ಒಪ್ಪಿಸಿದ ಸೀರೆ ಬರಹಕ್ಕೆ ಸಿಗುತ್ತವೆ, ಮಗ್ಗದ ಮುಂದೆ ಕಳೆದ ಇರುಳು ಸಿಗುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಂಡಿಯ ರೊಕ್ಕವನ್ನು ಎಣಿಸಬಹುದು, ಅದನ್ನು ಹಾಕಿಸಿದ ಹರಕೆಯನ್ನು ಎಣಿಸಲಾಗದು.

ಹಾಗಾದರೆ ಪ್ರೀತಿಯ ವಸ್ತುವಿಗೆ ಲೆಕ್ಕವೇ ಬೇಡವೆನ್ನೋಣವೇ? ಕಿತ್ತೂರಿನ ಚರಿತ್ರೆ ಈ ಪ್ರಶ್ನೆಯನ್ನು ಬೇರೆ ಕಡೆ ತಿರುಗಿಸುತ್ತದೆ. 1824ರಲ್ಲಿ, ದತ್ತುಮಗನನ್ನು ಸಂಸ್ಥಾನದ ವಾರಸುದಾರನೆಂದು ಒಪ್ಪದ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಅಧಿಕಾರಿ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ. ರಾಣಿ ಚೆನ್ನಮ್ಮನಿಗೆ ತನ್ನ ಸಂಸ್ಥಾನವಾಗಿದ್ದದ್ದು ಕಂಪನಿಯ ಕಣ್ಣಿಗೆ ವಾರಸುದಾರನಿಲ್ಲದ ಆಸ್ತಿ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಆದರೆ ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಮರುವರ್ಷ ಆಕೆಯ ಕಡೆಯ ಸಂಗೊಳ್ಳಿ ರಾಯಣ್ಣನ ಪಡೆ ಸರ್ಕಾರಿ ಕಚೇರಿಗಳ ಮೇಲೆ ಬಿದ್ದು ದಫ್ತರಕ್ಕೆ ಬೆಂಕಿ ಇಟ್ಟಿತು. ಬರಹದ ಮೇಲಿನ ದ್ವೇಷದಿಂದ ನಡೆದದ್ದಲ್ಲ ಅದು. ತಮ್ಮ ನೆಲದ ಮೇಲೆ ಪರರು ಬರೆದ ಕಂದಾಯ ಆ ಕಾಗದಗಳಲ್ಲಿತ್ತು. ಯಾವುದು ಮಾರಾಟಕ್ಕಿದೆ, ಯಾವುದು ಇಲ್ಲ ಎಂದು ತೀರ್ಮಾನಿಸುವ ಹಕ್ಕು ಕೈತಪ್ಪಿದಾಗ ಲೆಕ್ಕವೂ ಉರುಳಾಗುತ್ತದೆ.

ಒಂದು ಕಾರ್ಡಿನ ಮುಂದೆ ಒಂದು ಸಂಸ್ಥಾನದ ಮಾತು ಬಲು ದೊಡ್ಡದೇ. ಆದರೂ ಆ ಹಕ್ಕಿನ ಒಂದು ಎಳೆ ಈ ಚಿಕ್ಕ ಹವ್ಯಾಸದಲ್ಲೂ ಉಳಿದಿದೆ. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮಾರಲಿಕ್ಕಿರುವ ಕಾರ್ಡುಗಳನ್ನೂ ತನಗೆಂದು ಇಟ್ಟುಕೊಂಡವನ್ನೂ ಬೇರೆಬೇರೆ ಗುಂಪು ಮಾಡಬಹುದು. ಇವತ್ತಿನ ದರವನ್ನು ಯಂತ್ರ ಹೇಳೀತು. ಯಾವ ಕಾರ್ಡು ಯಾವ ಗುಂಪಿಗೆ ಎಂಬುದನ್ನು ಒಡೆಯನೇ ಹೇಳಬೇಕು. ಅದಕ್ಕಾಗಿಯೇ ಪ್ರೀತಿಯ ವಸ್ತುವಿನ ಲೆಕ್ಕವನ್ನೂ ಬರೆಯಬೇಕು. ಬೆಲೆ ತಿಳಿಯದೆ ಕಪಾಟಿನಲ್ಲಿ ಬಿದ್ದಿರುವುದನ್ನು ನಾವು ಉಳಿಸಿಕೊಂಡೆವು ಎನ್ನಲಾಗದು, ಅದು ಮಾರಾಟವಾಗದೆ ಉಳಿಯಿತು ಅಷ್ಟೇ. ಕೊಟ್ಟದ್ದೆಷ್ಟು, ಈಗ ಬರುವುದೆಷ್ಟು ಎಂದು ಚೆನ್ನಾಗಿ ಬಲ್ಲವನು ಕೊಡುವುದಿಲ್ಲ ಎಂದಾಗ ಮಾತ್ರ ಆ ಮಾತಿಗೆ ತೂಕ ಬರುತ್ತದೆ.