ರಜಾ ಯಾರಿಗೆ?

ಹೊಸ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ನಾವೆಲ್ಲ ಮೊದಲು ಹುಡುಕುವುದು ಕೆಂಪು ಅಂಕಿಗಳನ್ನು. ಆಗಸ್ಟ್ 15 ಭಾನುವಾರ ಬಂದುಬಿಟ್ಟರೆ ಏನೋ ಕಳೆದುಕೊಂಡಷ್ಟು ಬೇಸರ. ಶುಕ್ರವಾರವೋ ಸೋಮವಾರವೋ ಬಂದರೆ ಊರಿಗೆ ಹೋಗುವ ಬಸ್ಸಿನ ಮಾತು. ತಪ್ಪೇನಿಲ್ಲ, ದುಡಿಯುವ ಜೀವಕ್ಕೆ ಬಿಡುವು ಬೇಕೇ ಬೇಕು. ಆದರೆ ಇಷ್ಟು ವರ್ಷ ಪಾಠ ಹೇಳಿದ ನನಗೆ ಒಂದು ಪ್ರಶ್ನೆ ಆಗಾಗ ಏಳುತ್ತದೆ. ಒಂದು ಸಮಾಜ ಯಾವುದನ್ನು ದೊಡ್ಡದೆಂದು ತಿಳಿದಿದೆ ಎಂಬುದನ್ನು ಅದರ ರಜಾ ಪಟ್ಟಿಯಲ್ಲಿ ಓದಬಹುದೆ?

ಸ್ವಲ್ಪಮಟ್ಟಿಗೆ ಓದಬಹುದು. ಗಣರಾಜ್ಯ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಇಡೀ ದೇಶದವು. 1956ರಲ್ಲಿ ಕನ್ನಡ ನಾಡು ಒಂದಾದ ನೆನಪಿಗೆ ನವೆಂಬರ್ 1, ಕಾರ್ಮಿಕರ ಹೆಸರಿನಲ್ಲಿ ಮೇ 1. ಇವುಗಳ ಜೊತೆಗೆ ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ಕನಕ ಜಯಂತಿ, ರಂಜಾನ್, ಕ್ರಿಸ್‌ಮಸ್. ‘ರಜಾ ಹೆಚ್ಚಾಯಿತು’ ಎಂದು ಗೊಣಗುವವರಿದ್ದಾರೆ. ಕಾಯಕದ ಹಿರಿಮೆ ಸಾರಿದ ಬಸವಣ್ಣನವರ ಹೆಸರಿನಲ್ಲೇ ಕೆಲಸ ನಿಲ್ಲಿಸುತ್ತೇವಲ್ಲ ಎಂದು ನಗುವವರೂ ಉಂಟು. ಆದರೆ ಕೆಂಪು ಅಂಕಿ ಬೇಕೆಂದು ಕೇಳುವವರ ಮನಸ್ಸಿನಲ್ಲಿರುವ ಆಸೆ ಬೇರೆ: ‘ನಮ್ಮ ಹಿರಿಯರೂ ಈ ಮನೆಯ ಹಿರಿಯರೇ’ ಎಂದು ನಾಡು ಒಪ್ಪಲಿ ಎನ್ನುವುದು. ಅದು ಸಣ್ಣ ಆಸೆಯಲ್ಲ.

ಆದರೆ ಕ್ಯಾಲೆಂಡರಿನಲ್ಲಿ ಕಾಣದ ಸಂಗತಿಯೂ ಒಂದಿದೆ. ಒಮ್ಮೆ ಏಳನೆಯ ತರಗತಿಯ ಮಕ್ಕಳಿಗೆ ಸ್ವಾತಂತ್ರ್ಯ ದಿನದ ಬಗ್ಗೆ ಬರೆಯಲು ಹೇಳಿದ್ದೆ. ಎಲ್ಲರೂ ಧ್ವಜ, ಭಾಷಣ, ಸಿಹಿ ಎಂದು ಪುಟ ತುಂಬಿಸಿದರು. ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: “ಅವತ್ತು ಎಲ್ಲರೂ ಮನೆಯಲ್ಲೇ ಇರುತ್ತಾರೆ. ಅದಕ್ಕೆ ಅಮ್ಮನಿಗೆ ಪಾತ್ರೆ ಜಾಸ್ತಿ.” ಅವಳ ತಾಯಿ ಬನಶಂಕರಿಯ ನಾಲ್ಕು ಮನೆಗಳಲ್ಲಿ ಕಸ-ಮುಸುರೆ ಮಾಡುವಾಕೆ.

ನೋಡಿ, ರಜಾ ದಿನ ಕೆಲಸ ನಿಲ್ಲುವುದಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ. ಇದು ನಮಗೂ ಗೊತ್ತು. ಗಂಡ, ಮಕ್ಕಳು ಮನೆಯಲ್ಲಿದ್ದರೆ ಕಾಫಿ ಎರಡು ಸಲ ಹೆಚ್ಚು, ಮಧ್ಯಾಹ್ನಕ್ಕೆ ಬಿಸಿಬೇಳೆಬಾತು, ಸಂಜೆಗೆ ಬೋಂಡ. ನಮ್ಮ ಕೈ ಸೋತಾಗ ಉಳಿದದ್ದು ಕೆಲಸದವಳ ಪಾಲಿಗೆ.

ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಯನ್ನು ಸಂಬಳದ ಸಮೇತ ಕೊಡಬೇಕೆಂದು ನಮ್ಮ ರಾಜ್ಯದಲ್ಲಿ 1963ರಲ್ಲೇ ಕಾಯ್ದೆಯಾಯಿತು. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಲು 2004 ಬರಬೇಕಾಯಿತು. ಕಾನೂನು ಕಾರ್ಖಾನೆಯ ಗೇಟಿಗೆ ಬೇಗ ಬಂತು, ಅಡುಗೆಮನೆಯ ಹಿತ್ತಿಲ ಬಾಗಿಲಿಗೆ ನಿಧಾನವಾಗಿ ನಡೆದು ಬಂತು.

ಹಾಗೆಂದು ಎಲ್ಲರೂ ಕೆಲಸ ಬಿಟ್ಟು ಕೂರಬೇಕೆಂದು ನಾನು ಹೇಳುತ್ತಿಲ್ಲ. ಬನಶಂಕರಿ ಅಮ್ಮನವರ ಗುಡಿಯ ಮುಂದೆ ಹೂವು, ನಿಂಬೆಹಣ್ಣು ಮಾರುವ ಹೆಂಗಸಿಗೆ ಜನ ಸೇರುವ ರಜಾ ದಿನವೇ ನಾಲ್ಕು ಕಾಸು ಕಾಣುವ ದಿನ. ಕೂಲಿ ಇಲ್ಲದ ಬಿಡುವು ಬಡವರಿಗೆ ಉಪವಾಸ. ಸಂಬಳ ಕಡಿಯದೆ ಕೊಟ್ಟರೆ ಮಾತ್ರ ಅದು ರಜಾ.

ನಮ್ಮ ಬೀದಿಯಲ್ಲಿ ಈ ಮಾತೆತ್ತಿದಾಗ ಪಕ್ಕದ ಮನೆಯಾಕೆ, “ಅವತ್ತೇ ಅವಳಿಗೆ ರಜಾ ಕೊಟ್ಟರೆ ನಮ್ಮ ಗತಿ ಏನು ಟೀಚರ್?” ಎಂದರು. “ನಾಲ್ಕು ಜನರ ತಟ್ಟೆ ನಾಲ್ಕು ಜನ ತೊಳೆದರೆ ಆಯಿತಲ್ಲ?” ಎಂದೆ. ಆಕೆ ನಕ್ಕರು, ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ಆದರೂ ಮೂರು ಮನೆಗಳಲ್ಲಿ ಆ ಐದು ದಿನ ಈಗ ಕೆಲಸದವರಿಗೆ ರಜಾ, ಸಂಬಳದ ಜೊತೆಗೆ.

ಧ್ವಜಕ್ಕೆ ವಂದಿಸಲು ಒಂದು ನಿಮಿಷ ಸಾಕು. ಸ್ವಾತಂತ್ರ್ಯಕ್ಕೆ ನಾವು ಕೊಡುವ ಬೆಲೆ ಎಷ್ಟೆಂದು ತಿಳಿಯಬೇಕಾದರೆ, ಆ ದಿನ ಸಂಜೆ ನಮ್ಮ ಸಿಂಕಿನ ಮುಂದೆ ಯಾರು ನಿಂತಿದ್ದಾರೆ ಎಂದೂ ನೋಡಬೇಕು.