ಆಲದ ಮರದ ಕೆಳಗೆ ಕುಸ್ವಾರ್

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಮಂಗಳೂರು ಕಡೆಯ ಕೆಥೊಲಿಕ್ ಮನೆಗಳಲ್ಲಿ ಒಂದು ವಾದ ಏಳುತ್ತದೆ. ಕುಸ್ವಾರ್, ಅಂದರೆ ಕ್ರಿಸ್ಮಸ್ ಹಬ್ಬದ ತಿಂಡಿಗಳನ್ನು, ಮನೆಯಲ್ಲೇ ಮಾಡಬೇಕೋ, ಬೇಕರಿಯಿಂದ ತಂದರೆ ನಡೆದೀತೋ? ನೆವ್ರಿ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಲಾಡು ಎಂದು ಹೊರಟರೆ ವಾರದ ಕೆಲಸ. ಬೆಂಗಳೂರಿನಿಂದ ರಜೆಗೆ ಬಂದ ಮಗ ಮೊಬೈಲಿನಿಂದ ತಲೆಯೆತ್ತದೆ ಒಂದು ಗಾದೆ ಎಸೆಯುತ್ತಾನೆ: "ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳಲಿಕ್ಕಾಗ್ತದಾ?" ಗಾದೆ ಬಿದ್ದ ಮೇಲೆ ವಾದ ಮುಗಿಯಿತೆಂದೇ ಲೆಕ್ಕ.

ಮುಗಿದಿದೆ ಎಂದು ನನಗನಿಸುವುದಿಲ್ಲ. ಸುಧಾರಕರು ಈ ಗಾದೆಯನ್ನು ತಮ್ಮ ಸ್ವತ್ತು ಮಾಡಿಕೊಂಡಿದ್ದಾರೆ. ಹಳೆಯದನ್ನು ಬಿಡು ಎಂಬುದೇ ಅದರ ಸಾರವಂತೆ. ಹಾಗಿದ್ದರೆ ಗಾದೆಯಲ್ಲಿ ಕೊಡಲಿ ಇರಬೇಕಿತ್ತು. ಮರ ಕಡಿ ಎಂದು ಅದು ಎಲ್ಲಿ ಹೇಳಿದೆ? ಇನ್ನು ಕೆಲವು ಹಿರಿಯರು, ಹೆತ್ತವರನ್ನು ಹಗುರಮಾಡುವ ಮಾತು ಇದು ಎಂದು ಮುಖ ಸಿಂಡರಿಸುತ್ತಾರೆ. ಅದೂ ಸಲ್ಲದು. ಅಪ್ಪ ನೆಟ್ಟದ್ದು ನೆರಳಿಗೆಂದು. ಕುಣಿಕೆ ಕಟ್ಟಿದವನು ಅವನಲ್ಲ. ಗಾದೆಯ ಸಿಟ್ಟೆಲ್ಲ ಹಗ್ಗದ ಮೇಲೆ. ಹಗ್ಗ ಯಾವುದು, ಕೊರಳು ಯಾರದು ಎಂದು ಕೇಳದೆ ಗಾದೆ ಬಿಡಿಸಲು ಬರುವುದಿಲ್ಲ.

ಮೊದಲು ಮರದ ಮಾತು. ಆಲದ ಬಿಳಲು ನೆಲ ಮುಟ್ಟಿದರೆ ಕಾಂಡವೇ ಆಗುತ್ತದೆ. ಎರಡು ತಲೆಮಾರು ಕಳೆದರೆ ಅಪ್ಪ ನೆಟ್ಟ ಬುಡ ಯಾವುದೆಂದು ಹುಡುಕಬೇಕು. ಕುಸ್ವಾರ್ ತಟ್ಟೆಯನ್ನೇ ನೋಡಿ. ನೆವ್ರಿಯನ್ನು ಚೌತಿಗೆ ಕೊಂಕಣಿ ಹಿಂದೂಗಳ ಮನೆಗಳಲ್ಲೂ ಕರಿಯುತ್ತಾರೆ. ಚಕ್ಕುಲಿ ಊರಿಗೆಲ್ಲ ಸೇರಿದ್ದು. ಕೇಕು ಯುರೋಪಿನದು. ಮೆಕ್ರೂನಿಗೆ ಅಲ್ಲಿ ಬಾದಾಮಿ, ಇಲ್ಲಿ ಗೋಡಂಬಿ. ಆ ಗೋಡಂಬಿಯೂ ಪೋರ್ಚುಗೀಸರ ಹಡಗು ಹತ್ತಿ ಬ್ರೆಜಿಲ್‌ನಿಂದ ಬಂದದ್ದೇ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಮಾಡಿದ ಗೋದಲಿಯನ್ನು ನಾವು ಬೈಹುಲ್ಲಿನ ಮಾಡು ಹೊದಿಸಿ, ಭತ್ತದ ಮೊಳಕೆಯ ಗದ್ದೆ ಮಾಡಿ ಜಗಲಿಗೆ ತಂದುಕೊಂಡೆವು. 1784ರಲ್ಲಿ ಟಿಪ್ಪು ನಮ್ಮ ಹಿರಿಯರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಸಿದ. ಬದುಕುಳಿದವರಲ್ಲಿ ಬಹುಪಾಲು ಮರಳಿದ್ದು 1799ರಲ್ಲಿ ಅವನು ಮಡಿದ ಮೇಲೆ. ಇಗರ್ಜಿಗಳೇ ನೆಲಸಮವಾಗಿದ್ದ ಊರಿನಲ್ಲಿ ಮೊದಲ ಹಬ್ಬಕ್ಕೆ ಏನು ಕರಿದಿದ್ದಾರು? ಇದ್ದದ್ದರಲ್ಲಿ ಆಚರಿಸಿರಬೇಕು. ಇದೇ ಕ್ರಮ, ಹೀಗೇ ಆಗಬೇಕು ಎಂದು ಹಟ ಹಿಡಿಯುವವರು ಅದು ಯಾವ ಕಾಲದ ಕ್ರಮ ಎಂದೂ ಹೇಳಲಿ.

ಹಾಗೆಂದು ಬಿಟ್ಟುಬಿಡೋಣವೆಂದರೆ ನಾನು ಒಪ್ಪುವವನಲ್ಲ. ಕೊಕ್ಕಿಸಾಂ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಅಚ್ಚು ಕಾದ ಎಣ್ಣೆಯಲ್ಲಿದ್ದು ಬಿಸಿಯಾಗಿರಬೇಕು, ಇಲ್ಲದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅಂಚಿನವರೆಗಷ್ಟೇ ಅದ್ದಬೇಕು. ಮೇಲೇರಿದರೆ ಹೂವು ಅಚ್ಚು ಬಿಟ್ಟು ಕದಲದು. ಮೊದಲ ನಾಲ್ಕೈದು ಹೇಗೂ ಕೆಡುತ್ತವೆ, ಅವು ಮಕ್ಕಳ ಪಾಲು. ಪಕ್ಕದಲ್ಲಿ ಒಬ್ಬರು ಮುಳ್ಳುಚಮಚದ ಬೆನ್ನಿನ ಮೇಲೆ ಕಿಡ್ಯೊ ಒತ್ತಿ ಸುರುಳಿ ಸುತ್ತುತ್ತ ಕೂತಿರುತ್ತಾರೆ. ಕೈ ತನ್ನ ಪಾಡಿಗೆ ನಡೆಯುವಾಗ ಬಾಯಿ ಬಿಚ್ಚುತ್ತದೆ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟವರು ಕಿಡ್ಯೊ ಹಿಟ್ಟಿನ ಸುತ್ತ ಕೂತು "ಉಪ್ಪು ಹಾಕಿದ್ದೀಯಾ?" ಎಂದು ಶುರು ಮಾಡಿದ್ದನ್ನು ಕಂಡಿದ್ದೇನೆ. ತಾಯಿ ತೀರಿಕೊಂಡ ವರ್ಷ ನಮ್ಮಲ್ಲಿ ಎಣ್ಣೆ ಇಡಲಿಲ್ಲ. ಆದರೂ ಹಬ್ಬದ ದಿನ ಮೇಜಿನ ಮೇಲೆ ಜಾಗವಿಲ್ಲದಷ್ಟು ತಟ್ಟೆಗಳು. ದೀಪಾವಳಿಗೆ ನಮಗೆ ಸಿಹಿ ಕೊಡುವ ಮನೆಯವರು ಬೇಕರಿಯಿಂದ ತಂದ ಕೇಕು ಕೊಟ್ಟುಹೋದರು. ಏನು ಮಾಡಬೇಕೆಂದು ಯೋಚಿಸುವ ಶಕ್ತಿಯೇ ಇಲ್ಲದಾಗ, ಮಾಡಬೇಕಾದದ್ದು ಮೊದಲೇ ನಿಶ್ಚಯವಾಗಿರುವುದು ಎಷ್ಟು ದೊಡ್ಡ ಆಸರೆ ಎಂದು ಆಗ ತಿಳಿಯಿತು.

ಈಗ ಹಗ್ಗ. ಬಹಳ ಮನೆಗಳಲ್ಲಿ ಕುಸ್ವಾರ್ ಎಂದರೆ ಸೊಸೆಯ ಬೆನ್ನುನೋವು. ತೆಂಗಿನಕಾಯಿ ತುರಿದು ಹಾಲು ಹಿಂಡುವುದು, ಎಳ್ಳು ಹುರಿಯುವುದು, ರಾತ್ರಿ ಹನ್ನೊಂದರವರೆಗೆ ಬಾಣಲೆಯ ಮುಂದೆ ನಿಲ್ಲುವುದು ಅವಳು. "ನಮ್ಮ ಮನೆಯ ಪದ್ಧತಿ ಬಿಡಲಿಲ್ಲ ನೋಡಿ" ಎಂದು ಬಂದವರಿಗೆ ತಟ್ಟೆ ಚಾಚುವವನು ಗಂಡ. ನೇಣು ಕಟ್ಟುವವರು ಒಬ್ಬರು, ಕೊರಳು ಕೊಡುವವರು ಇನ್ನೊಬ್ಬರು. ಗಾದೆ ಎಸೆಯುವ ಮಗನೂ ಸಾಚಾ ಅಲ್ಲ. ಬೇಕರಿಗೆ ಹೋಗೋಣ ಎನ್ನುವವನಿಗೆ ಅಮ್ಮನ ಜೊತೆ ಎರಡು ತಾಸು ಕಿಡ್ಯೊ ಸುತ್ತೋಣ ಎಂದು ಹೊಳೆಯುವುದಿಲ್ಲವಲ್ಲ! ಆರು ಬಗೆ ಮಾಡಲಾಗದಿದ್ದರೆ ಎರಡು ಮಾಡಿ, ಉಳಿದದ್ದು ಕೊಳ್ಳಿ. ದುಬೈಗೆ, ಕುವೈತಿಗೆ ಡಬ್ಬಿ ಕಟ್ಟಿ ಕಳುಹಿಸುವಾಗ ಅದರಲ್ಲಿ ಬೇಕರಿಯದೂ ಸೇರಲಿ, ಯಾರೂ ಬಹಿಷ್ಕಾರ ಹಾಕುವುದಿಲ್ಲ.

ನಡುರಾತ್ರಿಯ ಪೂಜೆಯ ವಿಷಯದಲ್ಲೂ ಇದೇ ಗೊಣಗಾಟ. ಎಷ್ಟೋ ಇಗರ್ಜಿಗಳಲ್ಲಿ ಈಗ ಅದು ಸಂಜೆಯೇ ಶುರುವಾಗುತ್ತದೆ. ಹಬ್ಬದ ಕಳೆಯೇ ಹೋಯಿತು ಎಂದು ಹಲುಬುವವರಲ್ಲಿ ಹೆಚ್ಚಿನವರು ಹಿಂದೆ ಪ್ರಸಂಗದ ಹೊತ್ತಿಗೆ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದವರು. ಸಂಜೆಯ ಪೂಜೆಗೆ ಮಕ್ಕಳೆಲ್ಲ ಎಚ್ಚರವಾಗಿಯೇ ಇರುತ್ತಾರೆ, ಎಂಬತ್ತರ ಅಜ್ಜಿಯೂ ಬರುತ್ತಾಳೆ. ನನಗಂತೂ ಅದೇ ಇಷ್ಟ.